ನನ್ನಿಂದ ಬಂತೇ? ಮಕ್ಕಳ ಕ್ಯಾನ್ಸರ್‌ನಲ್ಲಿ ವಂಶವಾಹಿಯ ಪಾಲು, ಪರಿಸರದ ಪಾಲು

ಮಗುವಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ಮೇಲೆ ತಂದೆತಾಯಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಚಿಕಿತ್ಸೆಯದು. ಎರಡನೆಯ ಪ್ರಶ್ನೆ ಎಷ್ಟೋ ಸಲ ಬಾಯಿಗೇ ಬರುವುದಿಲ್ಲ, ಒಳಗೇ ಕೊರೆಯುತ್ತಿರುತ್ತದೆ: ಇದು ನನ್ನಿಂದ ಬಂತೇ? ಗರ್ಭಿಣಿಯಾಗಿದ್ದಾಗ ನುಂಗಿದ ಮಾತ್ರೆಯಿಂದಲೇ? ಮಗು ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡ ದಿನ ನಾನು ಗಮನ ಕೊಡದೆ ಇದ್ದುದರಿಂದಲೇ? ಅಪ್ಪನ ಕಡೆಯ ಅಜ್ಜಿಗೂ ಕ್ಯಾನ್ಸರ್ ಇತ್ತಲ್ಲ, ಅದೇ ಇಲ್ಲಿಗೂ ಬಂತೇ? ಉತ್ತರ ಸಿಗದಿದ್ದರೆ ಮನಸ್ಸು ಸುಮ್ಮನಿರುವುದಿಲ್ಲ. ಯಾರಾದರೊಬ್ಬರನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸುತ್ತದೆ. ಹೆಚ್ಚಾಗಿ ಅಲ್ಲಿ ನಿಲ್ಲುವವಳು ತಾಯಿ.

ಈ ಪ್ರಶ್ನೆಗೆ ವಿಜ್ಞಾನದ ಬಳಿ ಇಂದು ಸಾಕಷ್ಟು ಒಳ್ಳೆಯ ಉತ್ತರವಿದೆ. ಅದು ಒಂದೇ ವಾಕ್ಯದ ಉತ್ತರವಲ್ಲವಾದ್ದರಿಂದ ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರೂ ಕುಳಿತು ವಿವರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಅಷ್ಟು ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಅದನ್ನು ನಿಧಾನವಾಗಿ ಬಿಡಿಸಿ ನೋಡಬೇಕು ಎಂಬುದೇ ಈ ಬರಹದ ಉದ್ದೇಶ.

ಮೊದಲು ಒಂದು ಪದದ ಗೊಂದಲವನ್ನು ಕಳೆದುಕೊಳ್ಳೋಣ. ಕ್ಯಾನ್ಸರ್ ವಂಶವಾಹಿಗಳ ಕಾಯಿಲೆ ಎಂಬುದು ನಿಜ. ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಎಂಬುದು ಬಹುಪಾಲು ನಿಜವಲ್ಲ. ಎರಡು ಮಾತಿನಲ್ಲೂ ‘ವಂಶ’ ಇರುವುದರಿಂದ ಕನ್ನಡದಲ್ಲಿ ಈ ಗೊಂದಲ ತುಸು ಹೆಚ್ಚೇ. ಜೀವಕೋಶದೊಳಗಿನ ಡಿಎನ್‌ಎಯಲ್ಲಿ, ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಆದೇಶಗಳು ಬರೆದಿರುತ್ತವೆ. ಕೋಶ ಒಡೆದು ಎರಡಾಗುವಾಗಲೆಲ್ಲ ಆ ಬರಹವನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡಬೇಕು. ನಕಲು ಮಾಡುವಾಗ ಕಾಗುಣಿತದ ತಪ್ಪು ನುಸುಳುತ್ತದೆ. ಇದನ್ನೇ ಮ್ಯುಟೇಶನ್ ಎನ್ನುತ್ತಾರೆ. ಹೆಚ್ಚಿನ ತಪ್ಪುಗಳನ್ನು ಕೋಶವೇ ಹುಡುಕಿ ತಿದ್ದಿಕೊಳ್ಳುತ್ತದೆ. ಉಳಿದವುಗಳಲ್ಲಿ ಬಹಳಷ್ಟು ನಿರುಪದ್ರವಿ. ‘ನಿಲ್ಲು’ ಎಂಬ ಆದೇಶವೇ ಅಳಿಸಿಹೋದಾಗ ಮಾತ್ರ ತೊಂದರೆ.

ಈ ತಪ್ಪು ಎಲ್ಲಿ ನುಸುಳಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಂದೆಯ ವೀರ್ಯಾಣುವಿನಲ್ಲೋ ತಾಯಿಯ ಅಂಡಾಣುವಿನಲ್ಲೋ ಇದ್ದರೆ ಅದು ಮಗುವಿನ ಮೈಯ ಪ್ರತಿಯೊಂದು ಕೋಶದಲ್ಲೂ ಇರುತ್ತದೆ. ಇದು ಹುಟ್ಟಿನೊಂದಿಗೆ ಪಡೆದ ದೋಷ. ಮಗು ರೂಪುಗೊಂಡ ಮೇಲೆ ಯಾವುದೋ ಒಂದು ಕೋಶದಲ್ಲಿ ನಡೆದರೆ ಆ ಕೋಶ ಮತ್ತು ಅದರ ಸಂತತಿಯಲ್ಲಷ್ಟೇ ಇರುತ್ತದೆ. ಇದು ಆಮೇಲೆ ಬಂದ ದೋಷ. ಕ್ಯಾನ್ಸರ್ ಬಂದ ಎಲ್ಲ ಮಕ್ಕಳ ಗೆಡ್ಡೆಗಳಲ್ಲೂ ಎರಡನೆಯ ಬಗೆಯದು ಇದ್ದೇ ಇರುತ್ತದೆ. ಮೊದಲ ಬಗೆಯದು ಎಷ್ಟು ಮಕ್ಕಳಲ್ಲಿದೆ? ಅಮೆರಿಕದಲ್ಲಿ 1,120 ಮಕ್ಕಳು ಮತ್ತು ಹದಿಹರೆಯದವರ ಡಿಎನ್‌ಎಯನ್ನು ಓದಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 95 ಮಂದಿಯಲ್ಲಿ, ಎಂದರೆ ಶೇ. 8.5ರಷ್ಟು ಮಂದಿಯಲ್ಲಿ, ಹುಟ್ಟಿನೊಂದಿಗೆ ಬಂದ ಅಪಾಯಕಾರಿ ದೋಷ ಸಿಕ್ಕಿತು. ಹನ್ನೆರಡು ಮಕ್ಕಳಲ್ಲಿ ಒಬ್ಬರು ಎನ್ನಿ. ಆ 95 ಮಂದಿಯಲ್ಲಿ ಕುಟುಂಬದ ವಿವರ ದೊರೆತವರನ್ನು ನೋಡಿದರೆ, ಮನೆಯಲ್ಲಿ ಹಿಂದೆ ಕ್ಯಾನ್ಸರ್ ಇದ್ದದ್ದು ಶೇ. 40ರಷ್ಟು ಮಂದಿಯಲ್ಲಿ ಮಾತ್ರ. ಹಾಗಾಗಿ ‘ನಮ್ಮ ಕಡೆ ಯಾರಿಗೂ ಇರಲಿಲ್ಲ’ ಎಂಬ ಮಾತಿನಿಂದ ವಂಶವಾಹಿಯ ದೋಷವಿಲ್ಲ ಎಂದು ತೀರ್ಮಾನಿಸಲಾಗದು. ‘ನಿಮ್ಮ ಕಡೆ ಅಜ್ಜಿಗಿತ್ತು’ ಎಂಬ ಮಾತಿನಿಂದ ದೋಷವಿದೆ ಎಂದೂ ಹೇಳಲಾಗದು. ಅಜ್ಜಿಗೆ ಎಪ್ಪತ್ತರ ವಯಸ್ಸಿನಲ್ಲಿ ಬಂದ ಕ್ಯಾನ್ಸರ್‌ಗೂ ಮೂರು ವರ್ಷದ ಮೊಮ್ಮಗುವಿನದಕ್ಕೂ ಹೆಸರೊಂದನ್ನು ಬಿಟ್ಟು ಬೇರೆ ನಂಟು ಇರುವುದು ಅಪರೂಪ.

ದೊಡ್ಡವರ ಕ್ಯಾನ್ಸರ್ ದಶಕಗಟ್ಟಲೆ ಸವೆದ ಮೈಯ ಕಾಯಿಲೆ. ಹೊಗೆ, ಬಿಸಿಲು, ಮದ್ಯ, ವಯಸ್ಸು ಎಲ್ಲ ಸೇರಿ ತಪ್ಪುಗಳು ಒಂದೊಂದಾಗಿ ಕೂಡುತ್ತ ಹೋಗುತ್ತವೆ. ಮಕ್ಕಳ ಗೆಡ್ಡೆಗಳಲ್ಲಿ ಇಂಥ ತಪ್ಪುಗಳ ಸಂಖ್ಯೆ ದೊಡ್ಡವರ ಗೆಡ್ಡೆಗಳಿಗಿಂತ ಸರಾಸರಿ 14 ಪಟ್ಟು ಕಡಿಮೆ ಎಂದು 2018ರ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಎರಡು ಮೂರು ತಪ್ಪುಗಳೇ ಸಾಕು, ಆದರೆ ಅವು ಬಿದ್ದದ್ದು ಎಂಥ ಕೋಶದಲ್ಲಿ, ಎಂಥ ಹೊತ್ತಿನಲ್ಲಿ ಎಂಬುದು ಮುಖ್ಯ. ಮಗುವಿನ ಅಂಗಗಳು ಕಟ್ಟುತ್ತಿರುವ ಹೊತ್ತಿನಲ್ಲಿ ಕೋಶಗಳು ಬೆಳೆಯಲೆಂದೇ ಓಡುತ್ತಿರುತ್ತವೆ. ಓಡುತ್ತಿರುವ ಗಾಡಿಯ ಬ್ರೇಕ್ ಕಿತ್ತುಹೋಗುವುದಕ್ಕೂ ನಿಂತ ಗಾಡಿಯ ಬ್ರೇಕ್ ಕಿತ್ತುಹೋಗುವುದಕ್ಕೂ ಇರುವ ವ್ಯತ್ಯಾಸ ಇದು. ಕಣ್ಣಿನ ಗೆಡ್ಡೆ ಐದು ವರ್ಷದೊಳಗೆ, ಮೂಳೆಯ ಗೆಡ್ಡೆ ಹದಿಹರೆಯದಲ್ಲಿ ಕಾಣಿಸಿಕೊಳ್ಳುವುದು ಸುಮ್ಮನೆ ಅಲ್ಲ. ಆಯಾ ಅಂಗದ ಕೋಶಗಳು ಬಿರುಸಾಗಿ ಬೆಳೆಯುವ ಹೊತ್ತದು.

ಹೀಗಾಗಿ, ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಆ ಎರಡು ಮೂರು ತಪ್ಪುಗಳು ಹೇಗೆ ಒಂದೇ ಕೋಶದಲ್ಲಿ ಸೇರಿದವು ಎಂಬುದೇ ನಿಜವಾದ ಪ್ರಶ್ನೆ.

ಎರಡು ಪೆಟ್ಟು

ಇದಕ್ಕೆ ಮೊದಲ ಸ್ಪಷ್ಟ ಉತ್ತರ ಬಂದದ್ದು 1971ರಲ್ಲಿ, ಹೂಸ್ಟನ್‌ನಲ್ಲಿದ್ದ ಆಲ್ಫ್ರೆಡ್ ನೂಡ್ಸನ್ ಎಂಬ ವೈದ್ಯರಿಂದ. ಆಗ ವಂಶವಾಹಿಯನ್ನು ಓದುವ ಯಂತ್ರಗಳಿರಲಿಲ್ಲ. ಅವರ ಬಳಿ ಇದ್ದದ್ದು ರೆಟಿನೋಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರ್ ಬಂದ 48 ಮಕ್ಕಳ ಆಸ್ಪತ್ರೆ ದಾಖಲೆಗಳು, ಕಾಗದ, ಪೆನ್ಸಿಲ್. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಹುಟ್ಟುವ ಈ ಗೆಡ್ಡೆ ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಕೆಲವು ಮಕ್ಕಳಿಗೆ ಎರಡೂ ಕಣ್ಣಿನಲ್ಲಿ, ಹಲವು ಗೆಡ್ಡೆಗಳಾಗಿ, ಬಹಳ ಎಳವೆಯಲ್ಲೇ ಬರುತ್ತದೆ. ಉಳಿದವರಿಗೆ ಒಂದೇ ಕಣ್ಣಿನಲ್ಲಿ, ಒಂದೇ ಗೆಡ್ಡೆಯಾಗಿ, ತುಸು ತಡವಾಗಿ. ಯಾವ ವಯಸ್ಸಿನಲ್ಲಿ ಎಷ್ಟು ಮಕ್ಕಳಿಗೆ ರೋಗ ಪತ್ತೆಯಾಯಿತು ಎಂಬ ಲೆಕ್ಕವನ್ನು ನೂಡ್ಸನ್ ಗೆರೆ ಎಳೆದು ನೋಡಿದರು. ಎರಡೂ ಕಣ್ಣಿನ ಮಕ್ಕಳ ಗೆರೆ, ಒಂದೇ ಒಂದು ಘಟನೆಗಾಗಿ ಕಾಯುತ್ತಿರುವವರ ಗೆರೆಯಂತಿತ್ತು. ಒಂದು ಕಣ್ಣಿನ ಮಕ್ಕಳದು ಎರಡು ಘಟನೆಗಳಿಗಾಗಿ ಕಾಯಬೇಕಾದವರದು.

ಅರ್ಥ ಇಷ್ಟು. ಗೆಡ್ಡೆಯನ್ನು ತಡೆಯುವ ಒಂದು ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ ಕೆಟ್ಟರೆ ಮಾತ್ರ ಕೋಶ ಕ್ಯಾನ್ಸರ್‌ನತ್ತ ಹೊರಳುತ್ತದೆ. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿರುವ ಮಗುವಿಗೆ ಇನ್ನೊಂದೇ ಪೆಟ್ಟು ಸಾಕು. ರೆಟಿನಾ ಬೆಳೆಯುವಾಗ ಲಕ್ಷಾಂತರ ಕೋಶಗಳಲ್ಲಿ ಯಾವುದಾದರೂ ಒಂದೆರಡಕ್ಕೆ ಆ ಪೆಟ್ಟು ಬಿದ್ದೇ ಬೀಳುತ್ತದೆ. ಮುಂದೆ 1986ರಲ್ಲಿ ಆ ವಂಶವಾಹಿ ಕೈಗೆ ಸಿಕ್ಕಿತು, ಆರ್‌ಬಿ1 ಎಂದು ಹೆಸರಾಯಿತು, ನೂಡ್ಸನ್ ಪೆನ್ಸಿಲ್ಲಿನಲ್ಲಿ ಎಳೆದದ್ದು ನಿಜವೆಂದು ತಿಳಿಯಿತು. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟನೆಗಳಲ್ಲಿ ಇದೊಂದು. ಮಕ್ಕಳ ವಯಸ್ಸಿನ ಪಟ್ಟಿಯನ್ನು ಗಮನವಿಟ್ಟು ಓದಿದ ಮಾತ್ರಕ್ಕೆ ಕಾಣದ ವಂಶವಾಹಿಯೊಂದು ಕಂಡಿತು.

ಈ ರೋಗ ಬಂದ ಮಕ್ಕಳಲ್ಲಿ ಸುಮಾರು ಶೇ. 40 ಮಂದಿಯಲ್ಲಿ ಮಾತ್ರ ದೋಷ ಹುಟ್ಟಿನೊಂದಿಗೆ ಬಂದಿರುತ್ತದೆ. ಅವರಲ್ಲೂ ಹೆಚ್ಚಿನವರ ತಂದೆತಾಯಿಯರಲ್ಲಿ ಅದು ಇರುವುದಿಲ್ಲ. ವೀರ್ಯಾಣುವೋ ಅಂಡಾಣುವೋ ತಯಾರಾಗುವಾಗ ಹೊಸದಾಗಿ ನಡೆದ ನಕಲಿನ ತಪ್ಪು ಅದು. ಯಾರ ಆಹಾರ, ಯಾರ ನಡತೆಗೂ ಅದಕ್ಕೂ ಸಂಬಂಧವಿಲ್ಲ. ಹಣೆಬರಹ ಎಂಬ ಪದವನ್ನು ಇಲ್ಲಿ ಬಳಸಲು ಅನೇಕರಿಗೆ ಮನಸ್ಸಾಗುತ್ತದೆ. ನಾನು ಒಪ್ಪುವುದಿಲ್ಲ. ಹಣೆಬರಹ ಎಂದರೆ ಕೊನೆಯವರೆಗೂ ಬರೆದು ಮುಗಿಸಿದ್ದು. ಆದರೆ ಹುಟ್ಟಿನ ದೋಷದಲ್ಲಿ ಬರೆದಿರುವುದು ಮೊದಲ ಸಾಲು ಮಾತ್ರ. ಎರಡನೆಯ ಸಾಲು ಎಲ್ಲಿಂದ ಬರುತ್ತದೆ ಎಂಬಲ್ಲಿ ಪರಿಸರದ ಮಾತು ಶುರುವಾಗುತ್ತದೆ.

ಬಿಸಿಲು ಸೋಕಿದಲ್ಲಿ ಮಾತ್ರ

ಪರಿಸರ ಎಂದ ಕೂಡಲೇ ಕಾರ್ಖಾನೆಯ ಹೊಗೆ, ಕೀಟನಾಶಕ ನೆನಪಾಗುತ್ತವೆ. ಈ ವಿಷಯದಲ್ಲಿ ಆ ಪದಕ್ಕೆ ಅದಕ್ಕಿಂತ ಅಗಲವಾದ ಅರ್ಥವಿದೆ. ವಂಶವಾಹಿಯ ಹೊರಗಿನದೆಲ್ಲ ಪರಿಸರವೇ: ತಾಯಿಯ ಗರ್ಭ, ಬಿಸಿಲು, ಸೋಂಕು, ವಿಕಿರಣ, ಔಷಧ, ಕೊನೆಗೆ ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆ ಕೂಡ.

ವಂಶವಾಹಿ ಮತ್ತು ಪರಿಸರ ಕೈಜೋಡಿಸುವುದನ್ನು ಕಣ್ಣಾರೆ ತೋರಿಸುವ ಕಾಯಿಲೆ ಒಂದಿದೆ. ಅದು ಝೀರೋಡರ್ಮ ಪಿಗ್ಮೆಂಟೋಸಮ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಚರ್ಮದ ಕೋಶಗಳ ಡಿಎನ್‌ಎಯನ್ನು ಎಲ್ಲರಲ್ಲೂ ಗಾಯಗೊಳಿಸುತ್ತದೆ, ಪಕ್ಕಪಕ್ಕದ ಎರಡು ಅಕ್ಷರಗಳು ಅಂಟಿಕೊಂಡುಬಿಡುತ್ತವೆ. ಆ ತುಣುಕನ್ನು ಕತ್ತರಿಸಿ ತೆಗೆದು ಹೊಸದಾಗಿ ಬರೆಯುವ ದುರಸ್ತಿ ವ್ಯವಸ್ಥೆ ನಮ್ಮಲ್ಲಿದೆ. ಈ ಮಕ್ಕಳಲ್ಲಿ ಅದೇ ಕೆಟ್ಟಿದೆ. ಜೇಮ್ಸ್ ಕ್ಲೀವರ್ ಇದನ್ನು 1968ರಲ್ಲಿ ತೋರಿಸಿಕೊಟ್ಟರು. ಪರಿಣಾಮವಾಗಿ ಇಪ್ಪತ್ತು ವರ್ಷದೊಳಗೆ ಚರ್ಮದ ಸಾಮಾನ್ಯ ಕ್ಯಾನ್ಸರ್‌ಗಳು ಬರುವ ಸಂಭವ ಉಳಿದವರಿಗಿಂತ ಸುಮಾರು 10,000 ಪಟ್ಟು ಹೆಚ್ಚು. ರಕ್ಷಣೆಯಿಲ್ಲದಿದ್ದರೆ ಎಂಟು ಒಂಬತ್ತು ವರ್ಷಕ್ಕೇ ಮೊದಲ ಗೆಡ್ಡೆ ಕಾಣಿಸಿಕೊಳ್ಳುತ್ತದೆ. ಮುಖ, ಕಣ್ಣು, ತುಟಿ, ಕೈಯ ಹಿಂಭಾಗ ಹೀಗೆ ಬೆಳಕು ಬಿದ್ದಲ್ಲೆಲ್ಲ. ನಾಲಗೆಯ ತುದಿಯಲ್ಲೂ ಬರುತ್ತದೆ, ಏಕೆಂದರೆ ಮಾತಾಡುವಾಗ, ನಗುವಾಗ ಬಿಸಿಲು ಅಲ್ಲಿಗೂ ತಲುಪುತ್ತದೆ. ಬಟ್ಟೆಯೊಳಗಿನ ಚರ್ಮ ಅದೇ ವಂಶವಾಹಿಯನ್ನು ಹೊತ್ತೂ ಬಹುಮಟ್ಟಿಗೆ ಸುರಕ್ಷಿತ.

ಈ ಮಗುವಿನ ಕ್ಯಾನ್ಸರ್‌ಗೆ ವಂಶವಾಹಿ ಶೇಕಡ ಎಷ್ಟು ಕಾರಣ, ಬಿಸಿಲು ಎಷ್ಟು ಕಾರಣ? ಒಂದು ಕೈಯಿಂದ ಚಪ್ಪಾಳೆಯಾಗದು ಎನ್ನುತ್ತೇವೆ. ಆದ ಚಪ್ಪಾಳೆಯಲ್ಲಿ ಬಲಗೈಯ ಪಾಲು ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ, ಪ್ರಶ್ನೆಯೇ ಹೊಂದುವುದಿಲ್ಲ. ಇಲ್ಲಿಯೂ ಹಾಗೆಯೇ. ವಂಶವಾಹಿ ಸರಿಯಿದ್ದಿದ್ದರೆ ಅದೇ ಬಿಸಿಲು ಆ ಮಗುವಿಗೆ ಆಟದ ಬಿಸಿಲು. ಬಿಸಿಲು ಇಲ್ಲದಿದ್ದರೆ ಅದೇ ವಂಶವಾಹಿ ಚರ್ಮದ ಮಟ್ಟಿಗೆ ಸುಮ್ಮನಿರುವ ದೋಷ. ಇದರಲ್ಲಿ ಒಂದು ಸಮಾಧಾನವೂ ಇದೆ. ವಂಶವಾಹಿಯನ್ನು ತಿದ್ದಲಾಗದಿದ್ದರೂ ಬಿಸಿಲನ್ನು ತಡೆಯಬಹುದು. ಕಿಟಕಿಗೆ ಅತಿನೇರಳೆ ಕಿರಣ ತಡೆಯುವ ಹಾಳೆ, ಮೈತುಂಬ ಬಟ್ಟೆ, ಮುಖಕ್ಕೆ ಪರದೆ, ಸಂಜೆಯ ಮೇಲೆ ಹೊರಗಿನ ಆಟ. ಇಷ್ಟನ್ನು ಎಳವೆಯಿಂದಲೇ ಮಾಡಿದ ಮಕ್ಕಳಲ್ಲಿ ಚರ್ಮದ ಗೆಡ್ಡೆಗಳು ಎಷ್ಟೋ ಕಡಿಮೆಯಾಗುತ್ತವೆ.

ಅವಳಿಗಳು ಹೇಳಿದ ಕಥೆ

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಅದರಲ್ಲಿ ಮುಖ್ಯವಾದದ್ದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. ಮುಂದುವರಿದ ದೇಶಗಳಲ್ಲಿ ಸುಮಾರು 2,000 ಮಕ್ಕಳಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಯಲ್ಲಿ ವಂಶವಾಹಿ ಮತ್ತು ಪರಿಸರದ ಸಂಬಂಧ ಚರ್ಮ ಮತ್ತು ಬಿಸಿಲಿನಷ್ಟು ನೇರವಾಗಿಲ್ಲ. ಆದರೆ ಅದರ ಎಳೆಗಳನ್ನು ಬಿಡಿಸಿದ ರೀತಿ ಅಷ್ಟೇ ಸೊಗಸಾಗಿದೆ.

ತದ್ರೂಪಿ ಅವಳಿಗಳಲ್ಲಿ ಒಂದು ಮಗುವಿಗೆ ಈ ಲ್ಯುಕೇಮಿಯ ಬಂದರೆ ಇನ್ನೊಂದಕ್ಕೂ ಬರುವ ಸಂಭವ ಸುಮಾರು ಹತ್ತರಲ್ಲಿ ಒಂದು. ಇದನ್ನು ಕಂಡವರು ಮೊದಲಿಗೆ ವಂಶಪಾರಂಪರ್ಯ ಎಂದೇ ಭಾವಿಸಿದರು. ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು ಎರಡು ಮಕ್ಕಳ ಕ್ಯಾನ್ಸರ್ ಕೋಶಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಾಗ ಬೇರೆಯೇ ವಿಷಯ ಹೊರಬಿತ್ತು. ಎರಡು ವರ್ಣತಂತುಗಳು ಮುರಿದು, ಇಟಿವಿ6 ಮತ್ತು ರನ್‌ಎಕ್ಸ್1 ಎಂಬ ಎರಡು ವಂಶವಾಹಿಗಳು ಬೆಸೆದುಕೊಂಡ ಜಾಗ ಇಬ್ಬರಲ್ಲೂ ಒಂದೇ ಆಗಿತ್ತು. ಇಂಥ ಮುರಿತ ಎರಡು ಮಕ್ಕಳಲ್ಲಿ ಬೇರೆಬೇರೆಯಾಗಿ ನಡೆದು ಅದೇ ಅಕ್ಷರದಲ್ಲಿ ಬಂದು ನಿಲ್ಲುವುದು ಅಸಾಧ್ಯವೆನ್ನುವಷ್ಟು ಅಪರೂಪ. ತಂದೆತಾಯಿಯ ರಕ್ತದಲ್ಲಿ ಅದು ಇರಲಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ. ಗರ್ಭದಲ್ಲಿದ್ದಾಗ ಒಂದು ಮಗುವಿನ ಒಂದು ಕೋಶದಲ್ಲಿ ಈ ಬೆಸುಗೆ ನಡೆಯಿತು. ಇಬ್ಬರೂ ಹಂಚಿಕೊಂಡಿದ್ದ ಮಾಸಿನ ರಕ್ತನಾಳಗಳ ಮೂಲಕ ಆ ಕೋಶದ ಸಂತತಿ ಇನ್ನೊಂದು ಮಗುವಿಗೂ ಹರಿಯಿತು. ಲ್ಯುಕೇಮಿಯ ಬಂದ ಇತರ ಮಕ್ಕಳಲ್ಲೂ ಹೀಗೆಯೇ ಇದ್ದೀತೇ ಎಂದು ನೋಡಲು ಅವರು ಹುಡುಕಿದ್ದು ಹಳೆಯ ಕಾಗದಗಳನ್ನು. ನವಜಾತ ಶಿಶುಗಳ ಹಿಮ್ಮಡಿ ಚುಚ್ಚಿ, ಪರೀಕ್ಷೆಗೆಂದು ರಕ್ತದ ಹನಿಯನ್ನು ಹೀರುಕಾಗದದ ಮೇಲೆ ಒಣಗಿಸಿ ಇಡುತ್ತಾರಲ್ಲ, ಆ ಕಾಗದಗಳು. ವರ್ಷಗಳ ಹಿಂದಿನ ಆ ಒಣ ಚುಕ್ಕೆಯಲ್ಲೂ ಅದೇ ಬೆಸುಗೆ ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಹಿಡಿದಿಟ್ಟುಕೊಳ್ಳಬೇಕು. ಹುಟ್ಟುವಾಗ ಇದ್ದದ್ದೆಲ್ಲ ವಂಶದಿಂದ ಬಂದದ್ದಲ್ಲ. ಈ ಬೆಸುಗೆ ಹುಟ್ಟುವ ಮೊದಲೇ ಇತ್ತು, ಆದರೆ ತಂದೆಯಿಂದಲೂ ಬಂದಿಲ್ಲ, ತಾಯಿಯಿಂದಲೂ ಬಂದಿಲ್ಲ. ಇನ್ನೂ ಆಶ್ಚರ್ಯವೆಂದರೆ, ನವಜಾತ ಶಿಶುಗಳಲ್ಲಿ ಶೇ. 1ರಿಂದ 5ರಷ್ಟು ಮಂದಿಯ ರಕ್ತದಲ್ಲಿ ಈ ಬೆಸುಗೆಯಿರುವ ಒಂದಿಷ್ಟು ಕೋಶಗಳು ಕಾಣುತ್ತವೆ. ಅವರಲ್ಲಿ ಲ್ಯುಕೇಮಿಯ ಬರುವುದು ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ. ಉಳಿದವರಲ್ಲಿ ಆ ಕೋಶಗಳು ಸದ್ದಿಲ್ಲದೆ ಅಳಿದುಹೋಗುತ್ತವೆ.

ಎರಡನೆಯ ಪೆಟ್ಟು ಎಲ್ಲಿಂದ? ಅವಳಿಗಳಲ್ಲೇ ಸುಳಿವಿತ್ತು. ಮೊದಲ ಬೆಸುಗೆ ಇಬ್ಬರಲ್ಲೂ ಒಂದೇ, ಆದರೆ ಆಮೇಲಿನ ತಪ್ಪುಗಳು ಇಬ್ಬರಲ್ಲೂ ಬೇರೆಬೇರೆ. ಎಂದರೆ ಅವು ಹುಟ್ಟಿದ ಮೇಲೆ ನಡೆದಿವೆ. ಗ್ರೀವ್ಸ್ ಅವರ ವಾದದ ಪ್ರಕಾರ ಅವನ್ನು ತರುವುದು ಸಾಮಾನ್ಯ ಸೋಂಕುಗಳೇ, ಅದರಲ್ಲೂ ತಡವಾಗಿ ಬಂದ ಸೋಂಕುಗಳು. ನಮ್ಮ ರೋಗನಿರೋಧಕ ಕೋಶಗಳಿಗೆ ಒಂದು ವಿಶೇಷ ಸಾಮರ್ಥ್ಯವಿದೆ. ಬಗೆಬಗೆಯ ರೋಗಾಣುಗಳನ್ನು ಗುರುತಿಸಲು ಅವು ತಮ್ಮ ಡಿಎನ್‌ಎಯನ್ನೇ ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಆ ಕತ್ತರಿ ಗುರಿ ತಪ್ಪಿ ಬೇರೆ ವಂಶವಾಹಿಯ ಮೇಲೆ ಬಿದ್ದ ಗುರುತುಗಳು ಲ್ಯುಕೇಮಿಯ ಕೋಶಗಳಲ್ಲಿ ಹೇರಳವಾಗಿ ಸಿಕ್ಕಿವೆ. ಮೊದಲ ವರ್ಷದಲ್ಲಿ ಸಣ್ಣಪುಟ್ಟ ಸೋಂಕುಗಳೊಡನೆ ಪಳಗಿದ ಮಗುವಿನ ರೋಗನಿರೋಧಕ ವ್ಯವಸ್ಥೆ ಆಮೇಲೆ ಹದವಾಗಿ ಪ್ರತಿಕ್ರಿಯಿಸುತ್ತದೆ. ಪಳಗದ ಮಗುವಿನಲ್ಲಿ ಮೂರನೆಯ ನಾಲ್ಕನೆಯ ವರ್ಷದ ಒಂದು ಸಾಮಾನ್ಯ ಸೋಂಕು ಅತಿಯಾದ ಉರಿಯೂತಕ್ಕೆ ಕಾರಣವಾಗಿ, ಕಾದು ಕುಳಿತ ಕೋಶದಲ್ಲಿ ಕತ್ತರಿಯ ಕೈ ತಪ್ಪಬಹುದು. ಪ್ಯಾಕ್ಸ್5 ಎಂಬ ವಂಶವಾಹಿಯ ಒಂದು ಪ್ರತಿ ಕೆಟ್ಟ ಇಲಿಗಳನ್ನು ರೋಗಾಣುರಹಿತ ಗೂಡಿನಲ್ಲಿಟ್ಟಾಗ ಅವುಗಳಿಗೆ ಲ್ಯುಕೇಮಿಯ ಬರಲಿಲ್ಲ. ಸಾಮಾನ್ಯ ರೋಗಾಣುಗಳಿರುವ ಗೂಡಿಗೆ ಸಾಗಿಸಿದ ಮೇಲೆ ಕೆಲವಕ್ಕೆ ಬಂತು. ವಾದ ಪೂರ್ತಿ ಸಾಬೀತಾಗಿದೆ ಎನ್ನಲಾರೆ, ಆದರೆ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತಿವೆ. ಮೊದಲ ವರ್ಷದಲ್ಲೇ ಶಿಶುವಿಹಾರದಂಥ ಕಡೆ ಇತರ ಮಕ್ಕಳ ಸಹವಾಸಕ್ಕೆ ಬಿದ್ದ ಮಕ್ಕಳಲ್ಲಿ ಈ ಲ್ಯುಕೇಮಿಯ ಸುಮಾರು ಕಾಲು ಭಾಗದಷ್ಟು ಕಡಿಮೆ. ಆರು ತಿಂಗಳು ಅಥವಾ ಹೆಚ್ಚು ಕಾಲ ಎದೆಹಾಲು ಕುಡಿದವರಲ್ಲಿ ಐದರಲ್ಲೊಂದು ಪಾಲು ಕಡಿಮೆ.

ಈ ಕೊನೆಯ ವಾಕ್ಯವನ್ನು ಓದಿ ಎದೆಹಾಲು ಕೊಡಲಾಗದ ತಾಯಿಯೊಬ್ಬಳ ಮನಸ್ಸು ಕುಸಿದರೆ ನಾನು ಬರೆದದ್ದೇ ತಪ್ಪಾಗುತ್ತದೆ. ಅದಕ್ಕಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. ಹತ್ತು ಸಾವಿರ ಮಕ್ಕಳಲ್ಲಿ ಐವರಿಗೆ ಬರುವ ಕಾಯಿಲೆ ಐದರಲ್ಲೊಂದು ಪಾಲು ಕಡಿಮೆಯಾದರೆ ನಾಲ್ವರಿಗೆ ಬರುತ್ತದೆ. ಎದೆಹಾಲು ಕುಡಿಯದ 9,995 ಮಕ್ಕಳಿಗೆ ಹೇಗೂ ಬರುವುದಿಲ್ಲ, ಕುಡಿದವರಲ್ಲಿ ನಾಲ್ವರಿಗೆ ಬಂದೇ ಬರುತ್ತದೆ. ಇಂಥ ಅಂಕಿಗಳಿಂದ ಒಂದು ಊರಿನ ಆರೋಗ್ಯದ ಬಗ್ಗೆ ಯೋಚಿಸಬಹುದು. ಒಬ್ಬ ತಾಯಿಯ ಮೇಲೆ ತೀರ್ಪು ಕೊಡಲಾಗದು.

ಇನ್ನು ವಂಶದಿಂದ ಬಂದ ಪಾಲು. ಟಿಪಿ53, ಇಟಿವಿ6, ಪ್ಯಾಕ್ಸ್5 ಮುಂತಾದ ವಂಶವಾಹಿಗಳಲ್ಲಿ ಹುಟ್ಟಿನ ಬಲವಾದ ದೋಷವಿದ್ದರೆ ಲ್ಯುಕೇಮಿಯದ ಸಂಭವ ತುಂಬ ಹೆಚ್ಚುತ್ತದೆ, ಆದರೆ ಇಂಥ ಮಕ್ಕಳು ವಿರಳ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಒಂದು ಹೆಚ್ಚಿರುವ ಕಾರಣಕ್ಕೇ ಲ್ಯುಕೇಮಿಯದ ಸಂಭವ 10ರಿಂದ 20 ಪಟ್ಟು. ಇವೆರಡಕ್ಕೂ ಹೊರತಾಗಿ, ಕೋಟ್ಯಂತರ ಆರೋಗ್ಯವಂತರಲ್ಲಿ ಇರುವ ಸಾಮಾನ್ಯ ವ್ಯತ್ಯಾಸಗಳಿವೆ. 2009ರಲ್ಲಿ ಗುರುತಿಸಿದ ಎಆರ್‌ಐಡಿ5ಬಿ ಮತ್ತು ಐಕೆಝೆಡ್‌ಎಫ್1 ವಂಶವಾಹಿಗಳ ಬದಲಾವಣೆಗಳು ಇಂಥವು. ಒಂದೊಂದೂ ಅಪಾಯವನ್ನು ಒಂದೂವರೆ ಪಟ್ಟಿನ ಆಸುಪಾಸು ಏರಿಸುತ್ತದೆ. ಎರಡು ಸಾವಿರದಲ್ಲಿ ಒಂದು ಎಂಬ ಸಂಭವದ ಒಂದೂವರೆ ಪಟ್ಟು ಎಂದರೂ ಸಣ್ಣ ಸಂಖ್ಯೆಯೇ. ಇಂಥದ್ದನ್ನು ಪರೀಕ್ಷಿಸಿ ತಿಳಿದುಕೊಳ್ಳುವುದರಿಂದ ಸಿಗುವುದು ಆತಂಕವೇ ಹೊರತು ಬೇರೇನೂ ಅಲ್ಲ.

ವೈರಸ್ಸಿನ ವಿಷಯದಲ್ಲೂ ವಂಶವಾಹಿಯ ಕೈವಾಡ ಕಾಣುತ್ತದೆ. ಎಪ್‌ಸ್ಟೈನ್-ಬಾರ್ ವೈರಸ್ ಜಗತ್ತಿನ ಹತ್ತರಲ್ಲಿ ಒಂಬತ್ತು ಮಂದಿಯ ಮೈಯಲ್ಲಿ ಒಮ್ಮೆ ಹೊಕ್ಕು ಜೀವನಪೂರ್ತಿ ಸುಮ್ಮನಿರುತ್ತದೆ. ಎಸ್‌ಎಚ್2ಡಿ1ಎ ಎಂಬ ವಂಶವಾಹಿ ಕೆಟ್ಟಿರುವ ಗಂಡುಮಕ್ಕಳಲ್ಲಿ ಅದೇ ವೈರಸ್ ಪ್ರಾಣಾಂತಿಕ ಜ್ವರ ತರಬಹುದು, ಈ ಮಕ್ಕಳಿಗೆ ಲಿಂಫೋಮ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಬರುವುದೂ ಹೆಚ್ಚು. ಆಫ್ರಿಕದಲ್ಲಿ ಮಲೇರಿಯ ಹೆಚ್ಚಿರುವ ಪ್ರದೇಶಗಳಲ್ಲಿ ಅದೇ ವೈರಸ್ ಮಲೇರಿಯದೊಡನೆ ಸೇರಿ ಮಕ್ಕಳ ದವಡೆಯಲ್ಲಿ ಬರ್ಕಿಟ್ ಲಿಂಫೋಮ ತರುತ್ತದೆ. ಅಲ್ಲಿ ಎರಡನೆಯ ಕೈ ವಂಶವಾಹಿಯದಲ್ಲ, ಸೊಳ್ಳೆ ತಂದ ಪರೋಪಜೀವಿಯದು.

ತಾಯಂದಿರನ್ನು ಕೇಳಿದ ವೈದ್ಯೆ

ಪರಿಸರದ ಅಪಾಯಗಳಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಕಾರಣವೆಂದು ಗಟ್ಟಿಯಾಗಿ ಹೇಳಬಹುದಾದವು ಕೆಲವೇ. ಮೊದಲನೆಯದು ವಿಕಿರಣ. ಅದನ್ನು ಹೊರತಂದ ಕಥೆಯಲ್ಲಿ ತಾಯಂದಿರಿದ್ದಾರೆ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಆಲಿಸ್ ಸ್ಟುವರ್ಟ್ ಎಂಬ ವೈದ್ಯೆ, ಕ್ಯಾನ್ಸರ್‌ನಿಂದ ತೀರಿಕೊಂಡ ಮಕ್ಕಳ ತಾಯಂದಿರಿಗೂ ಆರೋಗ್ಯವಾಗಿದ್ದ ಮಕ್ಕಳ ತಾಯಂದಿರಿಗೂ ಒಂದೇ ಪ್ರಶ್ನೆಪಟ್ಟಿ ಕೊಟ್ಟರು. ಗರ್ಭಿಣಿಯಾಗಿದ್ದಾಗ ಹೊಟ್ಟೆಯ ಎಕ್ಸ್‌ರೇ ತೆಗೆಸಿಕೊಂಡವರು ಮೊದಲ ಗುಂಪಿನಲ್ಲಿ ಎದ್ದು ಕಾಣುವಷ್ಟು ಹೆಚ್ಚಿದ್ದರು. 1956ರಲ್ಲಿ ಇದು ಪ್ರಕಟವಾದಾಗ, ದುಃಖದಲ್ಲಿರುವ ತಾಯಂದಿರ ನೆನಪನ್ನು ನಂಬಲಾಗದು ಎಂದು ದೊಡ್ಡ ವೈದ್ಯರೇ ತಳ್ಳಿಹಾಕಿದರು. ಆಮೇಲೆ ಅಮೆರಿಕದಲ್ಲಿ ನೆನಪನ್ನು ಬಿಟ್ಟು ಆಸ್ಪತ್ರೆಯ ದಾಖಲೆಗಳನ್ನೇ ನೋಡಿದಾಗಲೂ ಅದೇ ಫಲ ಬಂತು: ಅಪಾಯ ಸುಮಾರು ಶೇ. 40 ಹೆಚ್ಚು. ಗರ್ಭಿಣಿಯರ ಎಕ್ಸ್‌ರೇ ನಿಧಾನವಾಗಿ ನಿಂತಿತು. ತಾಯಂದಿರ ನೆನಪು ನಿಜವೇ ಆಗಿತ್ತು, ಆದರೆ ಅದರಲ್ಲಿ ತಾಯಂದಿರ ತಪ್ಪಿರಲಿಲ್ಲ. ಆ ಎಕ್ಸ್‌ರೇ ಬರೆದುಕೊಟ್ಟವರು ವೈದ್ಯರು. 1971ರಲ್ಲಿ ಬಾಸ್ಟನ್‌ನಿಂದ ಬಂದ ಇನ್ನೊಂದು ವರದಿಯಲ್ಲೂ ಹೀಗೆಯೇ. ಗರ್ಭಪಾತ ತಡೆಯಲೆಂದು ತಾಯಂದಿರಿಗೆ ಕೊಟ್ಟ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಹಾರ್ಮೋನ್ ಮಾತ್ರೆ, ಗರ್ಭದಲ್ಲಿದ್ದ ಹೆಣ್ಣುಮಕ್ಕಳಿಗೆ ಹದಿಹರೆಯ ದಾಟುವ ಹೊತ್ತಿಗೆ ಯೋನಿಯ ಅಪರೂಪದ ಕ್ಯಾನ್ಸರ್ ತಂದಿತ್ತು.

1986ರ ಏಪ್ರಿಲ್ 26ರಂದು ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಮೇಲೆ ವಿಕಿರಣ ಸೂಸುವ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು, ಹಸುಗಳು ಮೇದವು, ಮಕ್ಕಳು ಹಾಲು ಕುಡಿದರು. ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಹೀರಿ ಇಟ್ಟುಕೊಳ್ಳುತ್ತದೆ. ಮಗುವಿನ ಗ್ರಂಥಿ ಚಿಕ್ಕದು, ಅಷ್ಟೇ ಅಯೋಡಿನ್‌ಗೆ ಅದು ಅನುಭವಿಸುವ ವಿಕಿರಣ ದೊಡ್ಡದು. ಆಗ ಹದಿನೆಂಟರೊಳಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್‌ಗಳು ಕಂಡುಬಂದಿದ್ದವು. ಆಹಾರದಲ್ಲಿ ಮೊದಲೇ ಅಯೋಡಿನ್ ಕೊರತೆಯಿದ್ದ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು. ಹಸಿದಿದ್ದ ಗ್ರಂಥಿ ಸಿಕ್ಕಿದ್ದನ್ನೆಲ್ಲ ಹೀರಿತ್ತು. ಆದರೆ ಅಲ್ಲಿ ವಿಕಿರಣಕ್ಕೆ ಸಿಕ್ಕ ತಂದೆತಾಯಿಗೆ ಆಮೇಲೆ ಹುಟ್ಟಿದ ಮಕ್ಕಳ ಡಿಎನ್‌ಎಯನ್ನು 2021ರಲ್ಲಿ ಓದಿದಾಗ ಹೊಸ ತಪ್ಪುಗಳ ಸಂಖ್ಯೆ ಹೆಚ್ಚಿರಲಿಲ್ಲ.

ಉಳಿದ ಸಂಗತಿಗಳನ್ನು ಬೇಗ ಹೇಳಿಬಿಡಬಹುದು. ತಂದೆತಾಯಿಯ ಧೂಮಪಾನಕ್ಕೂ ಮಕ್ಕಳ ಯಕೃತ್ತಿನ ಹೆಪಟೋಬ್ಲಾಸ್ಟೋಮಕ್ಕೂ ನಂಟು ಸಾಬೀತಾಗಿದೆ. ಹೆಪಟೈಟಿಸ್ ಬಿ ವೈರಸ್ ಮಕ್ಕಳಲ್ಲೂ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರುಮಾಡಿದ ಹತ್ತು ವರ್ಷದೊಳಗೆ 6ರಿಂದ 14 ವರ್ಷದ ಮಕ್ಕಳಲ್ಲಿ ಅದು ಅರ್ಧಕ್ಕಿಳಿಯಿತು. ಇನ್ನು ಬಿದ್ದ ಪೆಟ್ಟಿನಿಂದ ಮೂಳೆಯ ಕ್ಯಾನ್ಸರ್ ಬರುತ್ತದೆಯೇ ಎಂದರೆ, ಇಲ್ಲ. ಪೆಟ್ಟು ಬಿದ್ದ ಜಾಗವನ್ನು ನೋಡಿದಾಗ, ಮೊದಲೇ ಇದ್ದ ಗೆಡ್ಡೆ ಕಣ್ಣಿಗೆ ಬೀಳುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ.

ತಿಳಿದು ಮಾಡುವುದೇನು

ಹುಟ್ಟಿನ ದೋಷಗಳೆಲ್ಲ ಒಂದೇ ತೂಕದವಲ್ಲ. ಆರ್‌ಬಿ1 ದೋಷವಿರುವ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಕಣ್ಣಿನ ಗೆಡ್ಡೆ ಬರುತ್ತದೆ. ದಕ್ಷಿಣ ಬ್ರೆಜಿಲ್‌ನಲ್ಲಿ ಟಿಪಿ53 ವಂಶವಾಹಿಯ ಒಂದು ನಿರ್ದಿಷ್ಟ ಬದಲಾವಣೆ ಸುಮಾರು ಮುನ್ನೂರು ಮಂದಿಯಲ್ಲಿ ಒಬ್ಬರಿಗಿದೆ. ಅಲ್ಲಿ ಮಕ್ಕಳ ಅಡ್ರಿನಲ್ ಗ್ರಂಥಿಯ ಗೆಡ್ಡೆ ಬೇರೆಡೆಗಿಂತ 10ರಿಂದ 15 ಪಟ್ಟು ಹೆಚ್ಚು. ಹಾಗಿದ್ದೂ ಆ ದೋಷ ಹೊತ್ತ ಮಕ್ಕಳಲ್ಲಿ ಬಹುಪಾಲು ಮಂದಿ ಗೆಡ್ಡೆಯಿಲ್ಲದೆ ಬೆಳೆಯುತ್ತಾರೆ. ಅದೇ ವಂಶವಾಹಿಯ ಬೇರೆ ದೋಷಗಳು ಲೀ-ಫ್ರಾಮೆನಿ ಸಿಂಡ್ರೋಮ್ ಎಂಬ ಹೆಸರಿನಲ್ಲಿ ಮನೆಮಂದಿಯಲ್ಲಿ ಒಬ್ಬರ ನಂತರ ಒಬ್ಬರಿಗೆ ಬಗೆಬಗೆಯ ಕ್ಯಾನ್ಸರ್ ತರುತ್ತವೆ. ಇಂಥ ಕುಟುಂಬಗಳಲ್ಲಿ ನಿಯಮಿತವಾಗಿ ಎಂಆರ್‌ಐ, ಅಲ್ಟ್ರಾಸೌಂಡ್, ರಕ್ತ ಪರೀಕ್ಷೆ ಮಾಡುತ್ತ ಹೋದವರನ್ನು ಹನ್ನೊಂದು ವರ್ಷ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಬಂತು. ತಪಾಸಣೆಯಲ್ಲಿದ್ದವರಲ್ಲಿ ಐದು ವರ್ಷ ಬದುಕುಳಿದವರು ಶೇ. 89ರಷ್ಟು, ಇಲ್ಲದವರಲ್ಲಿ ಶೇ. 60ರಷ್ಟು. ದೋಷ ಎರಡೂ ಗುಂಪಿನಲ್ಲಿ ಒಂದೇ.

ಆ ತಪಾಸಣೆಯಲ್ಲಿ ಸಿಟಿ ಸ್ಕ್ಯಾನ್ ಬದಲು ಎಂಆರ್‌ಐ ಬಳಸುವುದಕ್ಕೂ ಕಾರಣವಿದೆ. ಎಂಆರ್‌ಐಯಲ್ಲಿ ಎಕ್ಸ್‌ರೇ ವಿಕಿರಣವಿಲ್ಲ. ಕಣ್ಣಿನ ಕ್ಯಾನ್ಸರ್‌ನಿಂದ ಬದುಕುಳಿದ ಮಕ್ಕಳಿಂದ ಈ ಪಾಠ ದುಬಾರಿಯಾಗಿ ಸಿಕ್ಕಿತು. ಹಿಂದೆ ಅವರಿಗೆ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿತ್ತು, ಕಣ್ಣು ಉಳಿಯುತ್ತಿತ್ತು. ಆದರೆ ಹುಟ್ಟಿನ ದೋಷವಿದ್ದವರಲ್ಲಿ ವರ್ಷಗಳ ನಂತರ, ವಿಕಿರಣ ಬಿದ್ದ ಮೂಳೆ ಮತ್ತು ಮೃದು ಅಂಗಾಂಶಗಳಲ್ಲೇ ಹೊಸ ಗೆಡ್ಡೆಗಳು ಎದ್ದವು. ಐವತ್ತು ವರ್ಷಗಳಲ್ಲಿ ಎರಡನೆಯ ಕ್ಯಾನ್ಸರ್ ಬರುವ ಸಂಭವ, ವಿಕಿರಣ ಪಡೆದವರಲ್ಲಿ ಶೇ. 38, ಪಡೆಯದವರಲ್ಲಿ ಶೇ. 21. ಹುಟ್ಟಿನ ದೋಷವಿಲ್ಲದ ಮಕ್ಕಳಲ್ಲಿ ಅದು ಶೇ. 6ನ್ನೂ ಮುಟ್ಟಲಿಲ್ಲ. ವಂಶವಾಹಿಯ ಪರೀಕ್ಷೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉತ್ತರ ಇದು. ಯಾವ ಚಿಕಿತ್ಸೆ ಈ ಮಗುವಿಗೆ ಮುಂದೆ ಮುಳ್ಳಾಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಬೇಕಿಲ್ಲ. ಎರಡೂ ಕಣ್ಣಿನಲ್ಲೋ ಎರಡೂ ಮೂತ್ರಪಿಂಡದಲ್ಲೋ ಗೆಡ್ಡೆ ಬಂದರೆ, ಅಡ್ರಿನಲ್ ಗ್ರಂಥಿಯ ಗೆಡ್ಡೆಯಂಥ ಅಪರೂಪದ ಕ್ಯಾನ್ಸರ್ ಆಗಿದ್ದರೆ, ಒಂದೇ ಮಗುವಿಗೆ ಎರಡು ಬೇರೆ ಕ್ಯಾನ್ಸರ್ ಬಂದರೆ, ಹತ್ತಿರದ ರಕ್ತಸಂಬಂಧಿಗಳಿಗೆ ಎಳೆಯ ವಯಸ್ಸಿನಲ್ಲೇ ಬಂದಿದ್ದರೆ, ಕ್ಯಾನ್ಸರ್ ಜೊತೆಗೆ ಹುಟ್ಟಿನಿಂದ ಬೇರೆ ವೈಪರೀತ್ಯಗಳಿದ್ದರೆ, ಆಗ ಕೇಳಬೇಕು. ಪರೀಕ್ಷೆಗೆ ಮೊದಲೂ ನಂತರವೂ ತಳಿ ಸಲಹೆಗಾರರೊಡನೆ ಕುಳಿತು ಮಾತನಾಡಬೇಕು, ಏಕೆಂದರೆ ಆ ವರದಿ ಅಣ್ಣತಮ್ಮ, ಅಕ್ಕತಂಗಿಯರ ಬಗೆಗೂ ಮಾತಾಡುತ್ತದೆ. ಇಷ್ಟೆಲ್ಲ ಆದ ಮೇಲೂ ಹೆಚ್ಚಿನ ಮಕ್ಕಳಲ್ಲಿ ಯಾವ ಹುಟ್ಟಿನ ದೋಷವೂ, ಬೊಟ್ಟು ಮಾಡಬಹುದಾದ ಯಾವ ಪರಿಸರದ ಕಾರಣವೂ ಸಿಗುವುದಿಲ್ಲ. ಕೋಟಿ ಕೋಟಿ ಸಲ ನಕಲಾಗುವ ಬರಹದಲ್ಲಿ ಒಂದು ತಪ್ಪು ತಪ್ಪಾದ ಜಾಗದಲ್ಲಿ ಬಿದ್ದಿರುತ್ತದೆ, ಅಷ್ಟೇ. ಈ ಮಾತನ್ನು ವೈದ್ಯರು ತಂದೆತಾಯಿಗೆ ಕೇಳದೆಯೇ, ಮೊದಲ ವಾರದಲ್ಲೇ, ಬಾಯಿಬಿಟ್ಟು ಹೇಳಬೇಕೆಂದು ನನ್ನ ಒತ್ತಾಯ. ನಿಮ್ಮಿಂದ ಬಂದದ್ದಲ್ಲ ಎಂಬ ಎರಡು ಪದ ಕೇಳಲು ಕೆಲವರು ವರ್ಷಗಟ್ಟಲೆ ಕಾಯುತ್ತಾರೆ.

ಬಾಲ್ಯದಲ್ಲಿ ಎರಡೂ ಕಣ್ಣಿನ ಗೆಡ್ಡೆಯಿಂದ ಬದುಕುಳಿದ ಹೆಣ್ಣುಮಗಳೊಬ್ಬಳು ಈಗ ತಾಯಿಯಾಗುತ್ತಾಳೆ ಎಂದುಕೊಳ್ಳಿ. ಮಗುವಿಗೆ ದೋಷ ದಾಟುವ ಸಂಭವ ಅರ್ಧಕ್ಕರ್ಧ. ಅವಳ ದೋಷ ಯಾವ ಅಕ್ಷರದಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ, ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ದೋಷವಿಲ್ಲ ಎಂದು ಬಂದರೆ ಆ ಮಗುವಿಗೆ ಮುಂದಿನ ಯಾವ ವಿಶೇಷ ತಪಾಸಣೆಯೂ ಬೇಕಿಲ್ಲ. ಇದೆ ಎಂದು ಬಂದರೆ ಮೊದಲ ದಿನಗಳಿಂದಲೇ ಕಣ್ಣಿನ ತಜ್ಞರು ಕೆಲವು ವಾರಗಳಿಗೊಮ್ಮೆ ರೆಟಿನಾವನ್ನು ನೋಡುತ್ತ ಹೋಗುತ್ತಾರೆ. ಅವಳ ಕಾಲದಲ್ಲಿ ಗೆಡ್ಡೆ ಕಂಡದ್ದು ಪಾಪೆ ಬೆಳ್ಳಗೆ ಹೊಳೆಯುವಷ್ಟು ದೊಡ್ಡದಾದ ಮೇಲೆ. ಮಗುವಿನಲ್ಲಿ ಅದು ಒಂದೆರಡು ಮಿಲಿಮೀಟರಿನ ಚುಕ್ಕೆಯಾಗಿರುವಾಗಲೇ ಸಿಗುತ್ತದೆ, ಲೇಸರ್‌ನಿಂದಲೋ ಘನೀಕರಿಸುವ ತಂಪಿನಿಂದಲೋ, ವಿಕಿರಣದ ಗೊಡವೆಯಿಲ್ಲದೆ, ಅದನ್ನು ಅಲ್ಲೇ ನಾಶಮಾಡುತ್ತಾರೆ.